ನಾಲ್ಕು ನಿಮಿಷದ ಪ್ರಶ್ನೆ, ಒಂದು ಪದದ ಉತ್ತರ

(ಓದುಗರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಕಾದಂಬರಿಕಾರರ ಜೊತೆ ಅವರ ಪುಸ್ತಕದ ಬಗ್ಗೆ ಒಳ್ಳೆಯ ಮಾತುಕತೆ ಆಡುವುದು ಹೇಗೆ ಅಂತ ಹೇಳಲು ನನ್ನನ್ನು ಕರೆದಿದ್ದೀರಿ. ಹೇಗೆ ಆಡಬಾರದು ಅನ್ನುವುದು ನನಗೆ ಅದಕ್ಕಿಂತ ಚೆನ್ನಾಗಿ ಗೊತ್ತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲ ಸಲ ವೇದಿಕೆಯ ಮೇಲೆ ಒಬ್ಬ ಹಿರಿಯ ಕಾದಂಬರಿಕಾರರ ಎದುರು ಕೂತಾಗ ನನ್ನ ಕೈಯಲ್ಲಿ ಹದಿನೇಳು ಪ್ರಶ್ನೆಗಳ ಹಾಳೆ ಇತ್ತು. ಮೂರು ವಾರ ಕೂತು ಬರೆದದ್ದು. ಮೊದಲ ಪ್ರಶ್ನೆಯಲ್ಲೇ ಕಾಲ, ನೆನಪು, ಅಧಿಕಾರ, ಭಾಷೆಯ ಸೋಲು, ಎಲ್ಲವನ್ನೂ ತುರುಕಿದ್ದೆ. ನಡುವೆ ಇಬ್ಬರು ವಿಮರ್ಶಕರೂ ಬಂದು ಹೋಗಿದ್ದರು. ಆಮೇಲೆ ರೆಕಾರ್ಡಿಂಗ್ ಕೇಳಿ ಲೆಕ್ಕ ಹಾಕಿದೆ: ನಾಲ್ಕು ನಿಮಿಷ ಹತ್ತು ಸೆಕೆಂಡು. ಅಷ್ಟು ಹೊತ್ತೂ ಅವರು ಪಾಪ, ತಲೆಯಾಡಿಸುತ್ತಾ ಕೇಳಿಸಿಕೊಂಡರು. ನಾನು ನಿಲ್ಲಿಸಿದ ಮೇಲೆ ಮೈಕನ್ನು ಬಾಯಿ ಹತ್ತಿರ ತಂದುಕೊಂಡು ಹೇಳಿದರು: "ಹೌದು."

ಅಷ್ಟೇ. ಸಭೆ ಗೊಳ್ಳೆಂದು ನಕ್ಕಿತು. ನಾನೂ ನಕ್ಕೆ, ಇನ್ನೇನು ಮಾಡಲಿ. ಎರಡನೇ ಪ್ರಶ್ನೆಗೆ ಹೋದೆ. ಅದೂ ಮೂರು ನಿಮಿಷದ್ದು.

ಬಹಳ ದಿನ ಅವರನ್ನೇ ಬೈದುಕೊಂಡೆ. ಒರಟು ಮನುಷ್ಯ, ಸ್ವಲ್ಪವೂ ಸಹಕಾರ ಕೊಡಲಿಲ್ಲ ಅಂತ. ಈಗ ಯೋಚಿಸಿದರೆ ಅವರ ಉತ್ತರ ಸರಿಯಾಗಿಯೇ ಇತ್ತು. ನಾನು ಅವರನ್ನು ಏನನ್ನೂ ಕೇಳಿರಲಿಲ್ಲ. ಪುಸ್ತಕ ಓದಿದ್ದೇನೆ, ನನಗೂ ನಾಲ್ಕಕ್ಷರ ತಿಳಿಯುತ್ತದೆ ಅಂತ ಸಭೆಗೆ ತೋರಿಸಿಕೊಳ್ಳುತ್ತಿದ್ದೆ. ಅವರು ಒಪ್ಪಿ ರುಜು ಹಾಕಿದರು.

ಹಾಗಾದರೆ ಪ್ರಶ್ನೆ ಚಿಕ್ಕದಾಗಿದ್ದರೆ ಸಾಕಾ? ಅದೂ ಸಾಲದು. "ಈ ಕತೆ ನಿಮಗೆ ಎಲ್ಲಿಂದ ಹೊಳೀತು?" ಚಿಕ್ಕ ಪ್ರಶ್ನೆ. "ದಿನಕ್ಕೆ ಎಷ್ಟು ಗಂಟೆ ಬರೀತೀರಿ?" ಇನ್ನೂ ಚಿಕ್ಕದು. ಇವನ್ನು ಕೇಳಬಾರದು ಅಂತ ಯಾವ ನಿಯಮವೂ ಇಲ್ಲ. ತೊಂದರೆ ಏನೆಂದರೆ, ನಾಲ್ಕು ಪುಸ್ತಕ ಬರೆದಿರುವ ಯಾರ ಹತ್ತಿರವಾದರೂ ಇವುಗಳಿಗೆ ಉತ್ತರ ತಯಾರಿರುತ್ತದೆ. ಐವತ್ತು ಸಲ ಹೇಳಿ ಹೇಳಿ ಅದು ನುಣ್ಣಗಾಗಿರುತ್ತದೆ. ಎಲ್ಲಿ ಜನ ನಗುತ್ತಾರೆ, ಎಲ್ಲಿ ಒಂದು ಕ್ಷಣ ನಿಲ್ಲಿಸಬೇಕು, ಎಲ್ಲಾ ಅವರಿಗೆ ಗೊತ್ತು. ನೀವು ಗುಂಡಿ ಒತ್ತಿದಿರಿ, ಟೇಪು ಓಡಿತು. ಅವರ ಬಾಯಿ ಮಾತಾಡುತ್ತಿರುತ್ತದೆ. ಅವರು ಮಾತ್ರ ಅಲ್ಲಿರುವುದಿಲ್ಲ. ಗಮನವಿಟ್ಟು ನೋಡಿದರೆ ಕಣ್ಣಲ್ಲೇ ಗೊತ್ತಾಗುತ್ತದೆ.

ಪ್ಯಾರಿಸ್ ರಿವ್ಯೂ ಅಂತ ಒಂದು ಪತ್ರಿಕೆ ಇದೆ, ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. 1953ರಲ್ಲಿ ಶುರುವಾಯಿತು. ಮೊದಲ ಸಂಚಿಕೆಯಿಂದಲೇ ಕಾದಂಬರಿಕಾರರ ಸಂದರ್ಶನ ಹಾಕುತ್ತಾ ಬಂತು. ಮೊದಲು ಕೂತವರು ಇ. ಎಂ. ಫಾರ್ಸ್ಟರ್. 1958ರಲ್ಲಿ ಅದರ ಸಂಪಾದಕ ಜಾರ್ಜ್ ಪ್ಲಿಂಪ್ಟನ್ ಹೆಮಿಂಗ್‌ವೇ ಅವರನ್ನು ಸಂದರ್ಶಿಸಿದರು. ಹೆಮಿಂಗ್‌ವೇ ಮಾತಿಗೆ ಸುಲಭವಾಗಿ ಸಿಗುವ ಆಸಾಮಿ ಅಲ್ಲ. ಹಳೇ ಸವಕಲು ಪ್ರಶ್ನೆ ಕೇಳಿದರೆ ಹಳೇ ಸವಕಲು ಉತ್ತರವೇ ಸಿಗೋದು ಅಂತ ಆ ಸಂದರ್ಶನದಲ್ಲೇ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾರೆ. ಆದರೆ ಅದೇ ಸಂದರ್ಶನದಲ್ಲಿ ಮೂರು ಸಾಲಿನ ಒಂದು ಜಾಗ ಇದೆ. ನೀವು ತಿದ್ದಿ ಬರೆಯೋದು ಎಷ್ಟು ಅಂತ ಪ್ಲಿಂಪ್ಟನ್ ಕೇಳುತ್ತಾರೆ. ಇದೇನೂ ಹೊಸ ಪ್ರಶ್ನೆ ಅಲ್ಲ. ಹೆಮಿಂಗ್‌ವೇ ಹೇಳುತ್ತಾರೆ, 'ಎ ಫೇರ್‌ವೆಲ್ ಟು ಆರ್ಮ್ಸ್' ಕಾದಂಬರಿಯ ಕೊನೆಯ ಪುಟವನ್ನು ಸಮಾಧಾನ ಆಗುವವರೆಗೆ 39 ಸಲ ಬರೆದೆ ಅಂತ.

ಇಲ್ಲಿ ನಾನಾಗಿದ್ದರೆ "ಅಬ್ಬಾ, ಮೂವತ್ತೊಂಬತ್ತು ಸಲ!" ಅಂತ ಹೇಳಿ ಹಾಳೆಯಲ್ಲಿದ್ದ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದೆ. ಪ್ಲಿಂಪ್ಟನ್ ಹೋಗಲಿಲ್ಲ. ಅಲ್ಲಿ ತಾಂತ್ರಿಕವಾಗಿ ಏನಾದರೂ ತೊಡಕಿತ್ತಾ, ಯಾವುದು ನಿಮ್ಮನ್ನು ನಿಲ್ಲಿಸಿತ್ತು ಅಂತ ಕೇಳಿದರು. ಉತ್ತರ: ಪದಗಳನ್ನು ಸರಿಯಾಗಿ ಕೂರಿಸೋದು.

ಇಷ್ಟು ಚಿಕ್ಕ ಉತ್ತರ ಇಷ್ಟು ವರ್ಷ ಉಳಿದುಕೊಂಡಿದೆ. ಅದನ್ನು ಹೊರಗೆ ತಂದದ್ದು ಮೊದಲ ಪ್ರಶ್ನೆ ಅಲ್ಲ, ಎರಡನೆಯದು. ಆ ಎರಡನೆಯದು ಯಾವ ಹಾಳೆಯಲ್ಲೂ ಇರಲು ಸಾಧ್ಯವಿಲ್ಲ. ಎದುರಿಗಿದ್ದವರು ಈಗಷ್ಟೇ ಹೇಳಿದ್ದರಿಂದ ಹುಟ್ಟಿದ್ದು ಅದು. ನನ್ನ ಹದಿನೇಳು ಪ್ರಶ್ನೆಗಳಲ್ಲಿ ಅಂಥದ್ದಕ್ಕೆ ಜಾಗವೇ ಇರಲಿಲ್ಲ. ಅವರು ಮಾತಾಡುವಾಗ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ, ಹಾಳೆ ನೋಡುತ್ತಿದ್ದೆ.

ಈಗ ನಾನು ಐದು ಪ್ರಶ್ನೆ ಬರೆದುಕೊಂಡು ಹೋಗುತ್ತೇನೆ. ಎರಡು ಕೇಳಿದರೆ ಅದು ಒಳ್ಳೆಯ ದಿನ.

ತಯಾರಿ ಬೇಡ ಅಂತ ಹೇಳುತ್ತಿಲ್ಲ. ಮೊದಲಿಗಿಂತ ಜಾಸ್ತಿ ತಯಾರಿ ಮಾಡಿಕೊಳ್ಳುತ್ತೇನೆ, ಆದರೆ ಬೇರೆ ಥರ. ಪುಸ್ತಕವನ್ನು ಎರಡು ಸಲ ಓದುತ್ತೇನೆ. ಮೊದಲ ಸಲ ಕೈಯಲ್ಲಿ ಪೆನ್ಸಿಲ್ ಇರುವುದಿಲ್ಲ. ಬೆನ್ನುಡಿಯನ್ನೂ ಓದುವುದಿಲ್ಲ, ಮುನ್ನುಡಿಯನ್ನೂ ಓದುವುದಿಲ್ಲ. ಸುಮ್ನೆ ಓದುಗನ ಹಾಗೆ ಓದುವುದು. ಎಲ್ಲಿ ನಿದ್ದೆ ಬಂತು, ಎಲ್ಲಿ ಬಸ್ಸು ಇಳಿಯೋದು ಮರೆತೆ, ಅಷ್ಟು ನೆನಪಿಟ್ಟುಕೊಂಡರೆ ಸಾಕು. ಎರಡನೇ ಸಲ ಪೆನ್ಸಿಲ್ ಹಿಡಿಯುತ್ತೇನೆ. ಆಗ ಮುಂದೇನು ಅನ್ನುವ ಆತುರ ಇರುವುದಿಲ್ಲ, ಮುಗಿಯುವುದು ಹೇಗೆ ಅಂತ ಗೊತ್ತಿರುತ್ತದೆ. ಹಾಗಾಗಿ ಹೊಲಿಗೆ ಕಾಣಲು ಶುರುವಾಗುತ್ತದೆ. ಯಾವ ಪಾತ್ರಕ್ಕೆ ಕೊನೆವರೆಗೂ ಹೆಸರೇ ಇಲ್ಲ. ಯಾವ ವರ್ಷದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಯಾವ ಅಧ್ಯಾಯ ಉಳಿದವಕ್ಕಿಂತ ಮೂರು ಪಟ್ಟು ಉದ್ದ. ಎಲ್ಲಿ ಇದ್ದಕ್ಕಿದ್ದ ಹಾಗೆ 'ನಾನು' ಹೋಗಿ 'ಅವಳು' ಬರುತ್ತಾಳೆ. ಅಂಥ ಕಡೆ ಅಂಚಿನಲ್ಲಿ ಒಂದು ಗೀಟು. ಗೀಟಿನ ಪಕ್ಕ ಏನೂ ಬರೆಯುವುದಿಲ್ಲ, ಬರೆದರೆ ಅಭಿಪ್ರಾಯ ಆಗಿಬಿಡುತ್ತದೆ.

ಅವರ ಹಳೇ ಸಂದರ್ಶನಗಳನ್ನೂ ಓದುತ್ತೇನೆ. ಅವರು ಏನು ಹೇಳುತ್ತಾರೆ ಅಂತ ತಿಳಿಯಲು ಅಲ್ಲ, ಟೇಪಿನಲ್ಲಿ ಏನೇನು ಇದೆ ಅಂತ ತಿಳಿಯಲು.

ಒಂದು ಮಾತು ಬಹಳ ಜನರಿಗೆ ಹೊಳೆಯುವುದಿಲ್ಲ. ನಿಮಗೆ ಹೊಸದಾದ ಪುಸ್ತಕ ಬರೆದವರಿಗೆ ಹಳೆಯದು. ಕೊನೆಯ ಕರಡು ಪ್ರಕಾಶಕರ ಕೈ ಸೇರಿ, ಅಚ್ಚಾಗಿ, ನಿಮ್ಮ ಕೈಗೆ ಬರುವ ಹೊತ್ತಿಗೆ ಎಷ್ಟೋ ತಿಂಗಳಾಗಿರುತ್ತದೆ, ಕೆಲವೊಮ್ಮೆ ಒಂದೆರಡು ವರ್ಷ. ಅವರು ಆಗಲೇ ಇನ್ನೊಂದು ಕಾದಂಬರಿಯೊಳಗೆ ಸಿಕ್ಕಿಕೊಂಡಿರುತ್ತಾರೆ. ನೀವು ನಿನ್ನೆ ರಾತ್ರಿ ಮುಗಿಸಿ ಬಿಸಿಬಿಸಿಯಾಗಿ ಬಂದಿದ್ದೀರಿ, ಅವರಿಗೆ ನಾಯಕಿಯ ತಂಗಿಯ ಹೆಸರು ನೆನಪಿಲ್ಲ. ನಿಜವಾಗಿಯೂ ನೆನಪಿರುವುದಿಲ್ಲ! ಇದನ್ನು ಸೊಕ್ಕು ಅಂದುಕೊಳ್ಳಬೇಡಿ. ಅವರನ್ನು ಪುಸ್ತಕದೊಳಕ್ಕೆ ವಾಪಸ್ ಕರೆದುಕೊಂಡು ಹೋಗುವುದು ನಿಮ್ಮ ಕೆಲಸ.

ಅದಕ್ಕೆ ನಾನು ಕಂಡ ಉಪಾಯ ಒಂದೇ. ಪುಟ ತೆಗೆದು ಓದುವುದು. ನಾಲ್ಕೈದು ಸಾಲು, ಜಾಸ್ತಿ ಬೇಡ. ಅವರ ವಾಕ್ಯವನ್ನು ಅವರ ಕಿವಿಗೆ ಹಾಕಿ. ಮುಖ ಬದಲಾಗುವುದು ಕಾಣುತ್ತದೆ. ಕೆಲವರು ಮುಜುಗರ ಪಡುತ್ತಾರೆ, ಕೆಲವರು ಕಣ್ಣು ಮುಚ್ಚುತ್ತಾರೆ, ಒಬ್ಬರಂತೂ ನಡುವೆ ತಡೆದು "ಆ 'ಮೆಲ್ಲಗೆ' ಬೇಡವಾಗಿತ್ತು" ಅಂದರು. ಅಲ್ಲಿಂದ ಮಾತು ಶುರು.

ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಹೆಸರು ಬೇಡ, ಪುಸ್ತಕದ ಹೆಸರೂ ಬೇಡ.

ಆ ಕಾದಂಬರಿಯಲ್ಲಿ ಅಪ್ಪ ಹನ್ನೊಂದು ವರ್ಷದ ಮೇಲೆ ಮನೆಗೆ ವಾಪಸ್ ಬರುತ್ತಾನೆ. ಮಗಳು ಒಳಗಿದ್ದಾಳೆ. ಅವನು ಹೊಸ್ತಿಲ ಹತ್ತಿರ ಕೂತು ಬೂಟು ಬಿಚ್ಚುತ್ತಾನೆ. ಲೇಸು ಗಂಟಾಗಿದೆ, ಬೆರಳು ಸರಿಯಾಗಿ ಆಡುತ್ತಿಲ್ಲ. ಒಂದು ಬೂಟು ಬಂತು, ಇನ್ನೊಂದು ಬರುತ್ತಿಲ್ಲ. ಹೀಗೇ ಒಂದೂವರೆ ಪುಟ. ಆಮೇಲೆ ಒಂದೇ ಒಂದು ವಾಕ್ಯ, ಮಗಳು ಬಂದು ನಿಂತಳು ಅಂತ. ಅಧ್ಯಾಯ ಮುಗಿಯಿತು. ಮುಂದಿನ ಅಧ್ಯಾಯ ತೆರೆದರೆ ಆರು ತಿಂಗಳು ದಾಟಿದೆ.

ಆ ಪುಸ್ತಕದ ಬಗ್ಗೆ ಬಂದಿದ್ದ ನಾಲ್ಕು ಸಂದರ್ಶನಗಳನ್ನು ಓದಿದ್ದೆ. ನಾಲ್ಕರಲ್ಲೂ ಒಂದೇ ಪ್ರಶ್ನೆ: ಅಪ್ಪ ಮಗಳ ಸಂಬಂಧದ ಬಗ್ಗೆ ಏನು ಹೇಳಲು ಹೊರಟಿದ್ದೀರಿ? ನಾಲ್ಕರಲ್ಲೂ ಒಂದೇ ಉತ್ತರ. ಸಂಬಂಧಗಳು ಸಂಕೀರ್ಣ, ಪ್ರೀತಿಗೆ ಭಾಷೆ ಸಾಲದು, ಇತ್ಯಾದಿ. ತಪ್ಪೇನಿಲ್ಲ, ಆದರೆ ಯಾವ ಕಾದಂಬರಿಯ ಬಗ್ಗೆ ಬೇಕಾದರೂ ಹೇಳಬಹುದಾದ ಮಾತು.

ನಾನು ಬೂಟಿನ ಪುಟ ತೆಗೆದೆ, ಕೊನೆಯ ಆರು ಸಾಲು ಓದಿದೆ. ಕೇಳಿದೆ: "ಬೂಟು ಬಿಚ್ಚೋಕೆ ಒಂದೂವರೆ ಪುಟ, ಮಗಳನ್ನ ನೋಡೋಕೆ ಒಂದು ಸಾಲು. ಯಾಕೆ ಮೇಡಂ?"

ಅವರು ತಕ್ಷಣ ಮಾತಾಡಲಿಲ್ಲ. ನೀರಿನ ಲೋಟ ತೆಗೆದುಕೊಂಡರು, ಕುಡಿಯದೆ ಮತ್ತೆ ಇಟ್ಟರು. ನನಗೆ ಎದೆ ಢವಢವ. ಆಮೇಲೆ ಹೇಳಿದರು, "ಮೊದಲು ಅದು ಎಂಟು ಪುಟ ಇತ್ತು. ಭೇಟಿ. ಅವಳು ಏನಂದಳು, ಅವನು ಏನಂದ, ಅಳು, ಎಲ್ಲಾ ಇತ್ತು. ಪ್ರತಿ ಸಲ ಓದಿದಾಗಲೂ ಸುಳ್ಳು ಅನಿಸೋದು. ಅವನು ಆ ಥರ ಮಾತಾಡೋನಲ್ಲ. ಅವಳೂ ಅಲ್ಲ. ಒಂದು ದಿನ ಎಂಟೂ ಪುಟ ಹೊಡೆದು ಹಾಕಿದೆ. ಬೂಟು ಮಾತ್ರ ಉಳೀತು. ಆಮೇಲೆ ಬೂಟೇ ಬೆಳೀತಾ ಹೋಯ್ತು."

ನಾನು ಕೇಳಿದೆ, "ಆ ಎಂಟು ಪುಟ ಈಗ ಇದೆಯಾ?"

"ಇದೆ. ಎಸೆಯೋಕೆ ಧೈರ್ಯ ಬರಲಿಲ್ಲ."

ಅಪ್ಪ ಮಗಳ ಸಂಬಂಧದ ಬಗ್ಗೆ ಆ ನಾಲ್ಕು ಸಂದರ್ಶನಗಳಲ್ಲಿ ಬಾರದ್ದು ಇಲ್ಲಿ ಬಂತು. ನಾನು ಸಂಬಂಧದ ಸುದ್ದಿಯನ್ನೇ ಎತ್ತಿರಲಿಲ್ಲ. ಬಡಗಿಯ ಹತ್ತಿರ ಹೋಗಿ ಮರದ ಬಗ್ಗೆ ನಿಮ್ಮ ನಿಲುವೇನು ಅಂತ ಕೇಳಿದರೆ ಅವನು ತಲೆ ಕೆರೆದುಕೊಳ್ಳುತ್ತಾನೆ. ಈ ಬಾಗಿಲು ಒಳಗಡೆಗೆ ಯಾಕೆ ತೆರೆಯುತ್ತೆ ಅಂತ ಕೇಳಿ, ಅರ್ಧ ಗಂಟೆ ಮಾತಾಡುತ್ತಾನೆ. ಆ ಅರ್ಧ ಗಂಟೆಯಲ್ಲಿ ಮರದ ಬಗ್ಗೆಯೂ ಎಲ್ಲಾ ಬಂದಿರುತ್ತದೆ.

ನಿಜ ಹೇಳಬೇಕೆಂದರೆ ನನ್ನ ಹತ್ತಿರ ಇರುವುದು ಈ ಒಂದು ಮಾತೇ: ಪುಟದ ಮೇಲೆ ಕಣ್ಣಿಗೆ ಕಂಡದ್ದನ್ನು ಕೇಳಿ. ಯಾರು ಕತೆ ಹೇಳುತ್ತಿದ್ದಾರೆ, ಬೇರೆಯವರು ಯಾಕೆ ಹೇಳುತ್ತಿಲ್ಲ. ಇಲ್ಲಿಂದಲೇ ಯಾಕೆ ಶುರು, ಹಿಂದಿನ ದಿನದಿಂದ ಯಾಕಲ್ಲ. ಏನನ್ನು ಕತ್ತರಿಸಿದಿರಿ. ಈ ಪಾತ್ರದ ಹೆಸರು ಮೊದಲಿಂದಲೂ ಇದೇನಾ. ಹೆಸರಿನ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಸರು ಬದಲಾದ ಮೇಲೇ ಆ ಪಾತ್ರ ನಡೆಯಲು ಶುರು ಮಾಡಿತು ಅಂತ ಹೇಳಿದ ಲೇಖಕರು ನನಗೆ ಮೂರ್ನಾಲ್ಕು ಜನ ಸಿಕ್ಕಿದ್ದಾರೆ.

ಇನ್ನು ಅರ್ಥ ಕೇಳುವ ಪ್ರಶ್ನೆ. "ಆ ಒಡೆದ ಗಡಿಯಾರ ಏನನ್ನು ಸಂಕೇತಿಸುತ್ತೆ ಸರ್?" ಇದನ್ನು ಕೇಳುವಾಗ ನಮ್ಮ ತಲೆಯೊಳಗೆ ಒಂದು ಶಾಲೆ ಇರುತ್ತದೆ. ಲೇಖಕರ ಮೇಜಿನ ಡ್ರಾಯರಿನಲ್ಲಿ ಉತ್ತರ ಪತ್ರಿಕೆ ಇದೆ, ಕೇಳಿದರೆ ತೆಗೆದು ಕೊಡುತ್ತಾರೆ ಅಂದುಕೊಂಡಿರುತ್ತೇವೆ.

ಇದಕ್ಕೆ ಒಂದು ಚಂದದ ಘಟನೆ ಇದೆ. 1963ರಲ್ಲಿ ಅಮೆರಿಕದ ಹದಿನಾರು ವರ್ಷದ ಹುಡುಗ ಬ್ರೂಸ್ ಮೆಕ್‌ಆಲಿಸ್ಟರ್‌ಗೆ ಶಾಲೆಯಲ್ಲಿ ಸಂಕೇತ ಹುಡುಕಿ ಹುಡುಕಿ ರೋಸಿಹೋಗಿತ್ತು. ಬರೆಯುವವರು ಇದನ್ನೆಲ್ಲ ನಿಜವಾಗಿಯೂ ಬೇಕೆಂದೇ ಇಡುತ್ತಾರಾ ಅಂತ ಅವನಿಗೆ ಅನುಮಾನ. ನಾಲ್ಕು ಪ್ರಶ್ನೆ ಅಚ್ಚು ಹಾಕಿ 150 ಲೇಖಕರಿಗೆ ಅಂಚೆಯಲ್ಲಿ ಕಳಿಸಿಬಿಟ್ಟ. ಹೆಚ್ಚುಕಮ್ಮಿ ಅರ್ಧದಷ್ಟು ಜನ ಉತ್ತರ ಬರೆದರು. ಅವರಲ್ಲಿ ರೇ ಬ್ರಾಡ್‌ಬರಿ, ಜಾನ್ ಅಪ್‌ಡೈಕ್, ಜಾಕ್ ಕೆರುಆಕ್, ಐನ್ ರ‍್ಯಾಂಡ್ ಇದ್ದರು. ಬ್ರಾಡ್‌ಬರಿ, ನಾನು ಗೊತ್ತಿದ್ದು ಯಾವತ್ತೂ ಸಂಕೇತ ಇಡುವುದಿಲ್ಲ ಅಂದರು. ಐನ್ ರ‍್ಯಾಂಡ್ ಪ್ರಶ್ನೆಯೇ ತಪ್ಪು ಅಂತ ಗದರಿಸಿದರು. ಒಬ್ಬರ ಉತ್ತರ ಇನ್ನೊಬ್ಬರದಕ್ಕೆ ಹೊಂದುವುದಿಲ್ಲ. ಆ ಹುಡುಗ ಮುಂದೆ ತಾನೇ ಕತೆಗಾರನಾದ.

ನನಗೆ ಅದರಲ್ಲಿ ಇಷ್ಟವಾಗುವುದು ಹುಡುಗನ ಪ್ರಶ್ನೆ. ಇದರ ಅರ್ಥ ಏನು ಅಂತ ಅವನು ಯಾರನ್ನೂ ಕೇಳಲಿಲ್ಲ. ನೀವು ಕೆಲಸ ಮಾಡುವುದು ಹೇಗೆ ಅಂತ ಕೇಳಿದ. ಅದಕ್ಕೇ ಅಷ್ಟು ಜನ, ಕೈತುಂಬಾ ಕೆಲಸ ಇಟ್ಟುಕೊಂಡವರು, ಗುರುತಿಲ್ಲದ ಹುಡುಗನಿಗೆ ಕೂತು ಉತ್ತರ ಬರೆದರು ಅಂತ ಕಾಣುತ್ತದೆ. ಅರ್ಥದ ವಿಷಯದಲ್ಲಿ ಬರೆದವರ ಮಾತೇ ಕೊನೆಯ ಮಾತಲ್ಲ ಅಂತ ವಿಮರ್ಶಕರು ಯಾವಾಗಲೋ ಹೇಳಿಯಾಗಿದೆ. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ 1967ರಲ್ಲಿ ಲೇಖಕ ಸತ್ತ ಅಂತಲೇ ಬರೆದರು. ಸತ್ತವರ ಜೊತೆ ವೇದಿಕೆ ಹಂಚಿಕೊಳ್ಳುವ ಕಷ್ಟ ಬಾರ್ತ್‌ಗೆ ಗೊತ್ತಿರಲಿಲ್ಲ, ಬಿಡಿ.

"ಇದು ನಿಮ್ಮದೇ ಕತೆ ಅಲ್ವಾ?" ಈ ಪ್ರಶ್ನೆಯ ಬಗ್ಗೆ ಎರಡು ಮಾತು. ಇದನ್ನು ಕೇಳಲೇಬಾರದು ಅನ್ನುವವರು ಇದ್ದಾರೆ. ನಾನು ಅಷ್ಟು ಕಟ್ಟುನಿಟ್ಟಿಲ್ಲ, ಓದುಗರಿಗೆ ಆ ಕುತೂಹಲ ಸಹಜ. ಆದರೆ ಉತ್ತರ ಹೌದು ಅಂತ ಬಂದರೂ, ಇಲ್ಲ ಅಂತ ಬಂದರೂ ಪುಸ್ತಕದ ಬಗ್ಗೆ ನಿಮಗೆ ಹೊಸದೇನೂ ತಿಳಿಯುವುದಿಲ್ಲ. ಜೊತೆಗೆ ಅಲ್ಲಿ ಅವರ ಮನೆಯವರೂ ಇರಬಹುದು, ಸಭೆಯ ಮೂರನೇ ಸಾಲಿನಲ್ಲೇ ಕೂತಿರಬಹುದು. ಎಲೆನಾ ಫೆರಾಂಟೆ ಅನ್ನುವ ಹೆಸರಲ್ಲಿ ಬರೆಯುವ ಇಟಲಿಯ ಲೇಖಕಿ 1992ರಲ್ಲಿ ಮೊದಲ ಕಾದಂಬರಿ ಬಂದಾಗಿನಿಂದ ಮುಖ ತೋರಿಸಿಲ್ಲ. ಸಂದರ್ಶನ ಹೆಚ್ಚುಕಮ್ಮಿ ಎಲ್ಲಾ ಬರವಣಿಗೆಯಲ್ಲೇ. ಮುಖವಿಲ್ಲದಿದ್ದರೂ ಆ ಉತ್ತರಗಳು ಸೊಗಸಾಗಿವೆ, ದೊಡ್ಡ ಪುಸ್ತಕವೇ ಆಗಿದೆ. ನಾನು ಈ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳುತ್ತೇನೆ: "ಇದರಲ್ಲಿ ಯಾವುದನ್ನ ಕಟ್ಟೋಕೆ ನಿಮಗೆ ಜಾಸ್ತಿ ಕಷ್ಟ ಆಯ್ತು, ಕಂಡದ್ದನ್ನೋ, ಕಾಣದ್ದನ್ನೋ?" ಇಲ್ಲಿ ಬಾಗಿಲು ತೆರೆದೇ ಇದೆ. ಬರುವವರು ಬರಬಹುದು, ಬೇಡದವರು ಆಚೆಯೇ ನಿಲ್ಲಬಹುದು.

ಮೌನ. ಬೂಟಿನ ಪ್ರಶ್ನೆ ಕೇಳಿದಾಗ ನನ್ನ ಎದೆ ಢವಢವ ಅಂದಿತು ಅಂದೆನಲ್ಲ, ಆ ಹೊತ್ತಿನಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ ಬಾಯಿ ಮುಚ್ಚಿಕೊಂಡಿದ್ದದ್ದು. ವೇದಿಕೆಯ ಮೇಲೆ ಐದು ಸೆಕೆಂಡಿನ ಮೌನ ಒಂದು ನಿಮಿಷದ ಹಾಗೆ ಕಾಣುತ್ತದೆ. ಏನಾದರೂ ಹೇಳಿಬಿಡಬೇಕು ಅನಿಸುತ್ತದೆ. "ಅಂದರೆ ನಾನು ಕೇಳಿದ್ದು ಏನೆಂದರೆ..." ಅಂತ ನಾವೇ ಶುರು ಮಾಡಿ, ಎರಡು ಉತ್ತರ ನಾವೇ ಕೊಟ್ಟು, ಇದಾ ಅದಾ ಅಂತ ಆರಿಸಲು ಬಿಡುತ್ತೇವೆ. ಅವರು ಪಾಪ ಒಂದನ್ನು ಆರಿಸುತ್ತಾರೆ. ಅವರು ಯೋಚಿಸುತ್ತಿದ್ದದ್ದು ಮೂರನೆಯದು. ಅದು ಹೋಯಿತು, ಮತ್ತೆ ಬರುವುದಿಲ್ಲ. ಈಗ ನಾನು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತೇನೆ. ಇಲ್ಲಿಯವರೆಗೆ ಹತ್ತು ತಲುಪಿದ್ದು ಒಂದೇ ಸಲ. ಅವತ್ತು ಅವರಿಗೆ ಪ್ರಶ್ನೆ ಕೇಳಿಸಿರಲಿಲ್ಲ.

ಎಲ್ಲರೂ ಮಾತಾಡಲು ಬಂದವರಲ್ಲ ಅನ್ನುವುದೂ ನೆನಪಿರಲಿ. ಬರೆಯುವುದನ್ನು ಆರಿಸಿಕೊಂಡದ್ದೇ ಮಾತು ಬಾರದ್ದಕ್ಕೆ ಅನ್ನುವವರು ಬಹಳ ಇದ್ದಾರೆ. 'ಲೊಲಿಟಾ' ಬರೆದ ನಬೊಕೊವ್ ಸಂದರ್ಶನಕ್ಕೆ ಪ್ರಶ್ನೆಗಳನ್ನು ಮೊದಲೇ ಬರೆದು ಕೊಡಿ ಅಂತ ಪಟ್ಟು ಹಿಡಿಯುತ್ತಿದ್ದರು, ಉತ್ತರವನ್ನೂ ಬರೆದೇ ಕೊಡುತ್ತಿದ್ದರು. ಯೋಚಿಸುವಾಗ ನಾನು ಮಹಾ ಪ್ರತಿಭಾವಂತ, ಬರೆಯುವಾಗ ದೊಡ್ಡ ಲೇಖಕ, ಮಾತಾಡುವಾಗ ಮಗು, ಅನ್ನುವ ಅರ್ಥದ ಮಾತು ಅವರದ್ದೇ. ಪ್ಯಾರಿಸ್ ರಿವ್ಯೂ ಕೂಡ ಸಂದರ್ಶನದ ಪ್ರತಿಯನ್ನು ಲೇಖಕರಿಗೆ ಕಳಿಸಿ ತಿದ್ದಲು ಬಿಡುತ್ತಿತ್ತು. ಪತ್ರಿಕೋದ್ಯಮದವರಿಗೆ ಇದು ಕೇಳಿದರೆ ಮೈ ಉರಿಯುತ್ತದೆ. ರಾಜಕಾರಣಿಗೆ ಹಾಗೆ ಬಿಡಬಾರದು, ಒಪ್ಪುತ್ತೇನೆ. ಕಾದಂಬರಿಕಾರರಿಗೆ ಬಿಡಬಹುದು. ನಾವು ಅಲ್ಲಿ ತಪ್ಪೊಪ್ಪಿಗೆ ಹೊರಡಿಸಲು ಕೂತಿಲ್ಲವಲ್ಲ.

ಮಾತು ಬಾರದವರಿಗಿಂತ ಕಷ್ಟದವರು ನಿಲ್ಲಿಸದವರು. ಅವರಿಗೆ ಮದ್ದು ಪುಸ್ತಕವೇ. "ಒಂದು ನಿಮಿಷ ಸರ್, ಈ ಪುಟ..." ಅಂತ ಕೈಯಲ್ಲಿ ಎತ್ತಿ ಹಿಡಿದರೆ ಸಾಕು. ತಮ್ಮದೇ ಪುಸ್ತಕಕ್ಕೆ ಅಡ್ಡ ಮಾತಾಡುವ ಲೇಖಕರನ್ನು ನಾನು ಇನ್ನೂ ಕಂಡಿಲ್ಲ.

ಪುಸ್ತಕ ಇಷ್ಟ ಆಗದಿದ್ದರೆ? ಇದನ್ನು ಬರುವಾಗ ಹೊರಗೆ ಯಾರೋ ಕೇಳಿದರು. ಪೂರ್ತಿ ಇಷ್ಟವಾಗದಿದ್ದರೆ ಹೋಗಬೇಡಿ. ಬೇರೆ ಯಾರಾದರೂ ಇಷ್ಟಪಟ್ಟವರು ಹೋಗಲಿ. ಆದರೆ ಭಾಗಶಃ ಇಷ್ಟವಾಗದಿದ್ದರೆ ಅದನ್ನು ಮುಚ್ಚಿಡುವುದು ಬೇಡ. ಹೊಗಳಿಕೆಯಷ್ಟು ಬೇಗ ಮಾತುಕತೆಯನ್ನು ಕೊಲ್ಲುವುದು ಇನ್ನೊಂದಿಲ್ಲ. "ಅದ್ಭುತ" ಅಂದರೆ "ಥ್ಯಾಂಕ್ಸ್" ಅನ್ನುತ್ತಾರೆ, ಮುಗಿಯಿತು. ಹೇಳುವ ರೀತಿ ಮಾತ್ರ ಮುಖ್ಯ. ಎರಡನೇ ಭಾಗ ಸಡಿಲವಾಗಿದೆ ಅಂತ ಹೇಳಿದರೆ ಅದು ತೀರ್ಪು. ಅವರು ವಕೀಲರಾಗುತ್ತಾರೆ. ಒಮ್ಮೆ ನಾನು ಹೀಗೆ ಹೇಳಿದೆ: "ಇನ್ನೂರ ಹನ್ನೆರಡನೇ ಪುಟದಲ್ಲಿ ನಾನು ಪುಸ್ತಕ ಮಡಚಿಟ್ಟೆ ಸರ್, ಎರಡು ದಿನ ಮುಟ್ಟಲಿಲ್ಲ. ಅಣ್ಣ ಜಾಗ ಮಾರಲು ಒಪ್ಪಿದ್ದು ನನಗೆ ನಂಬೋಕೆ ಆಗಲಿಲ್ಲ." ಇದು ನನಗೆ ಆದದ್ದು. ಇದರ ಜೊತೆ ಯಾರೂ ಜಗಳ ಆಡಲು ಆಗುವುದಿಲ್ಲ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಎಲ್ಲಿ, ತೋರಿಸಿ" ಅಂದರು. ಇಬ್ಬರೂ ಸೇರಿ ಆ ಪುಟ ಓದಿದೆವು. ಕೊನೆಗೆ ಅವರು "ಅಣ್ಣ ಒಪ್ಪೋಕೆ ಮುಂಚೆ ಅವನಿಗೆ ಒಂದು ರಾತ್ರಿ ಕೊಡಬೇಕಿತ್ತು" ಅಂದರು. ನನ್ನ ಜೊತೆ ಆಡಿದ ಮಾತಲ್ಲ ಅದು, ಅಣ್ಣನ ಜೊತೆ ಆಡಿದ್ದು.

ಸಭಿಕರ ಪ್ರಶ್ನೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಇದು ಪ್ರಶ್ನೆ ಅಲ್ಲ, ಒಂದು ಅನಿಸಿಕೆ" ಅಂತ ಎದ್ದು ನಿಲ್ಲುವವರು ಎಲ್ಲಾ ಕಡೆ ಇದ್ದಾರೆ, ನಾನು ಅವರ ಬಗ್ಗೆ ಬಾಯಿ ಬಿಡುವ ಹಾಗಿಲ್ಲ, ನಾಲ್ಕು ನಿಮಿಷದ ದಾಖಲೆ ನನ್ನದೇ. ಒಂದು ವಿಷಯ ಮಾತ್ರ ಶುರುವಿನಲ್ಲೇ ಇತ್ಯರ್ಥ ಮಾಡಿಕೊಳ್ಳಿ: ಸಭೆಯಲ್ಲಿ ಎಷ್ಟು ಜನ ಪುಸ್ತಕ ಓದಿದ್ದಾರೆ? ಕೈ ಎತ್ತಿಸಿ ನೋಡಿ. ಓದದವರೇ ಜಾಸ್ತಿ ಇದ್ದರೆ ಕೊನೆಯ ಬಗ್ಗೆ ಮಾತಾಡುವ ಹಾಗಿಲ್ಲ. ಕಾದಂಬರಿಯ ಮುಕ್ಕಾಲು ಕಸುಬು ಇರುವುದು ಅದನ್ನು ಮುಗಿಸುವ ರೀತಿಯಲ್ಲಿ, ಅದನ್ನೇ ಮುಟ್ಟದೆ ಒಂದು ಗಂಟೆ ಮಾತಾಡುವುದು ಹಿಂಸೆ. ಬಿಬಿಸಿ ರೇಡಿಯೋ 4ರಲ್ಲಿ 1998ರಿಂದ ಬಂದ 'ಬುಕ್‌ಕ್ಲಬ್' ಕಾರ್ಯಕ್ರಮ ಈ ತೊಡಕನ್ನು ಸರಳವಾಗಿ ಬಿಡಿಸಿಕೊಂಡಿತು. ಅಲ್ಲಿ ಪುಸ್ತಕ ಓದಿ ಬಂದ ಓದುಗರೇ ಲೇಖಕರ ಸುತ್ತ ಕೂತು ಪ್ರಶ್ನೆ ಕೇಳುತ್ತಿದ್ದರು, ನಿರೂಪಕ ಜೇಮ್ಸ್ ನಾಟಿ ಅದನ್ನು ನಡೆಸಿಕೊಂಡು ಹೋಗುತ್ತಿದ್ದರು. ಹಾಗಾಗಿ ಕೊನೆಯ ಪುಟದ ಬಗ್ಗೆಯೂ ಎಗ್ಗಿಲ್ಲದೆ ಕೇಳಬಹುದಿತ್ತು. ನಿಮ್ಮಂಥ ಕೂಟಕ್ಕೆ ಇದೇ ಸರಿಯಾದ ದಾರಿ. ಎಲ್ಲರೂ ಓದಿ ಬನ್ನಿ, ಆಮೇಲೆ ಲೇಖಕರನ್ನು ಕರೆಯಿರಿ.

"ಮುಂದೆ ಏನು ಬರೀತಿದ್ದೀರಿ?" ಅಂತ ಕೊನೆಯಲ್ಲಿ ಕೇಳುವ ಅಭ್ಯಾಸ ಇದೆ. ನಾನು ಬಿಟ್ಟಿದ್ದೇನೆ. ಅರ್ಧ ಬರೆದದ್ದರ ಬಗ್ಗೆ ಮಾತಾಡಿದರೆ ಅದು ಕೈಬಿಟ್ಟು ಹೋಗುತ್ತದೆ ಅನ್ನುವ ಭಯ ಬಹಳ ಲೇಖಕರಿಗೆ ಇದೆ. "ಯಾರೂ ಕೇಳದ ಪ್ರಶ್ನೆ ಯಾವುದು, ನೀವೇ ಹೇಳಿ" ಅನ್ನುವುದು ಈಚೆಗೆ ಬಂದ ಇನ್ನೊಂದು ಖಯಾಲಿ. ಅದು ನನ್ನ ಮನೆಪಾಠವನ್ನು ಅವರ ಕೈಯಲ್ಲಿ ಮಾಡಿಸಿದ ಹಾಗೆ.

ಆ ಬೂಟಿನ ಕಾದಂಬರಿಯ ಲೇಖಕಿ ಅವತ್ತು ಕಾರ್ಯಕ್ರಮ ಮುಗಿದ ಮೇಲೆ ಪುಸ್ತಕಗಳಿಗೆ ಸಹಿ ಹಾಕುತ್ತಾ ಕೂತಿದ್ದರು. ನಾನು ನನ್ನ ಪ್ರತಿ ಹಿಡಿದು ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಅವರು ಪೆನ್ನು ಕೆಳಗಿಟ್ಟು ಕೇಳಿದರು, "ನೀವು ಹೇಳಿ. ಓದುವಾಗ ಆ ಎಂಟು ಪುಟ ನಿಮಗೆ ಬೇಕು ಅನಿಸ್ತಾ?"

ನಾನು ಇಲ್ಲ ಅಂದೆ. ಬೂಟೇ ಸಾಕಾಯಿತು ಅಂದೆ.

ಅವರು ನನ್ನ ಪುಸ್ತಕದ ಅಂಚಿನ ಗೀಟುಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಆ ಪುಟ ಬಂದಾಗ ನಿಂತರು. "ನನಗೆ ಇವತ್ತಿಗೂ ಬೇಕು ಅನಿಸುತ್ತೆ," ಅಂದರು. ಸಹಿಯನ್ನು ಅಲ್ಲೇ ಹಾಕಿದರು, ಬೂಟಿನ ಸಾಲು ಮುಗಿದು ಖಾಲಿ ಬಿಟ್ಟಿದ್ದ ಜಾಗದಲ್ಲಿ.